ಅಡ್ರೆಸ್ ಬಾರಿನಿಂದ ನೇರ ವಿಶ್ವಕೋಶಕ್ಕೆ

ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶ ಅದರ ಮಾನಸಗಂಗೋತ್ರಿ ಆವರಣದ ವಿದ್ವಾಂಸರು ದಶಕಗಳ ಕಾಲ ದುಡಿದು ಕಟ್ಟಿದ ಗ್ರಂಥ. ಅದರ ಸಂಪುಟಗಳನ್ನು ವಿಶ್ವವಿದ್ಯಾನಿಲಯ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅದರ ಎಷ್ಟೋ ಲೇಖನಗಳು ಇಂದು ಮುಕ್ತ ಆನ್‌ಲೈನ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿವೆ. ಆದರೂ ಸಾಮಾನ್ಯ ಸರ್ಚ್ ಎಂಜಿನ್‌ನಲ್ಲಿ ಕನ್ನಡ ಪದ ಹಾಕಿದರೆ ಸುದ್ದಿ, ವಿಡಿಯೊ, ಜಾಹೀರಾತುಗಳ ನಡುವೆ ಈ ಲೇಖನಗಳು ಕಣ್ಣಿಗೆ ಬೀಳುವುದು ಕಷ್ಟ. ಇದಕ್ಕೆ ಪರಿಹಾರ ಬ್ರೌಸರಿನಲ್ಲೇ ಇದೆ. ವಿಕಿಸೋರ್ಸ್‌ ಅನ್ನು ನಮ್ಮದೇ ಸರ್ಚ್ ಎಂಜಿನ್ ಆಗಿ ಸೇರಿಸಿಕೊಳ್ಳಬಹುದು.

ವಿಕಿಸೋರ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ‘ಮೈಸೂರು’ ಎಂದು ಬರೆದು ಎಂಟರ್ ಒತ್ತಿ, ಫಲಿತಾಂಶದ ಪುಟದ ವಿಳಾಸ ನೋಡಿ. ನೀವು ಕೇಳಿದ ಪದ ಅದರೊಳಗೇ ಇರುತ್ತದೆ. ವಿಳಾಸವನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಆ ಪದದ ಜಾಗದಲ್ಲಿ ಶೇಕಡಾ ಚಿಹ್ನೆಗಳ ಉದ್ದ ಸಾಲು ಬರಬಹುದು. ಗಾಬರಿ ಬೇಡ. ಯೂನಿಕೋಡ್‌ನಲ್ಲಿ ‘ಮೈಸೂರು’ ಎಂದರೆ ಮೂರು ವ್ಯಂಜನ, ಮೂರು ಸ್ವರಚಿಹ್ನೆ, ಒಟ್ಟು 6 ಸಂಕೇತ. ಒಂದೊಂದಕ್ಕೂ 3 ಬೈಟ್, ಅಂದರೆ 18 ಬೈಟ್. ವೆಬ್ ವಿಳಾಸದಲ್ಲಿ ಪ್ರತಿ ಬೈಟಿಗೆ ಒಂದು ಶೇಕಡಾ ಚಿಹ್ನೆ, ಎರಡು ಅಂಕಿ-ಅಕ್ಷರ. ಹೀಗೆ ನಮ್ಮೂರಿನ ಹೆಸರು 54 ಚಿಹ್ನೆಗಳಾಗುತ್ತದೆ!

ಆ ಸಾಲನ್ನು ಅಳಿಸಿ, ಅಲ್ಲಿ ಒಂದು ಶೇಕಡಾ ಚಿಹ್ನೆ, ಅದಕ್ಕೆ ಅಂಟಿದಂತೆ ಇಂಗ್ಲಿಷಿನ ಚಿಕ್ಕ ‘ಎಸ್’ ಅಕ್ಷರ ಹಾಕಿ. ‘ಬಳಕೆದಾರರು ಟೈಪಿಸುವ ಪದ ಇಲ್ಲಿ ಬರಲಿ’ ಎಂಬ ಸೂಚನೆ ಅದು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಸರ್ಚ್ ಎಂಜಿನ್ ವಿಭಾಗದ ‘ಸೈಟ್ ಸರ್ಚ್’ ಎಂಬಲ್ಲಿ ಈ ವಿಳಾಸ ಸೇರಿಸಿ, ಶಾರ್ಟ್‌ಕಟ್ ಆಗಿ ‘ವಿ’ ಎಂದು ಕೊಡಿ. ಮುಂದೆ ಅಡ್ರೆಸ್ ಬಾರಿನಲ್ಲಿ ‘ವಿ’ ಬರೆದು, ಟ್ಯಾಬ್ ಒತ್ತಿ, ಬೇಕಾದ ಪದ ಬರೆದರಾಯಿತು. ಫೈರ್‌ಫಾಕ್ಸ್‌ನಲ್ಲೂ ಈ ಸೌಲಭ್ಯವಿದೆ.

ಇಲ್ಲಿ ಬ್ರೌಸರ್ ತಾನಾಗಿ ಏನನ್ನೂ ಹುಡುಕುವುದಿಲ್ಲ. ವಿಳಾಸದ ಖಾಲಿ ಜಾಗ ತುಂಬಿ ಕಳಿಸುತ್ತದೆ, ಅಷ್ಟೆ. ಹುಡುಕಾಟವೆಲ್ಲ ಆ ಜಾಲತಾಣದ್ದು. ಹಾಗಾಗಿ ಪದವನ್ನು ಕೊಡುವಾಗ ಎಚ್ಚರವಿರಲಿ: ‘ಕಾವೇರಿಯಲ್ಲಿ’ ಎಂದು ವಿಭಕ್ತಿ ಸೇರಿಸಿ ಕೇಳಿದರೆ ‘ಕಾವೇರಿ’ಯ ಲೇಖನ ಸಿಗದೇ ಹೋಗಬಹುದು. ಮೂಲರೂಪದಲ್ಲೇ ಕೇಳುವುದು ಒಳ್ಳೆಯದು. ಕನ್ನಡದ ಪ್ರತ್ಯಯಗಳನ್ನು ಬಿಡಿಸಿ ಓದಬಲ್ಲ ಹುಡುಕಾಟ ನಮಗೆ ತುರ್ತಾಗಿ ಬೇಕು.

ಇದೇ ಉಪಾಯ ಕನ್ನಡ ವಿಕಿಪೀಡಿಯಕ್ಕೂ, ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿಗೂ ನಡೆಯುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಇವನ್ನು ಇಂದೇ ಸೇರಿಸಿಕೊಳ್ಳಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೂ ಹೇಳಿಕೊಡಿ.