ಕಾರು ಚಾಲೂ ಮಾಡಿ ಹೊರಡುವ ಕ್ರಮ

ಹೊಸದಾಗಿ ಕಾರು ಕಲಿಯುವವರಿಗೆ ಓಡುವ ಗಾಡಿಯನ್ನು ಹಿಡಿತದಲ್ಲಿಡುವುದಕ್ಕಿಂತ ನಿಂತ ಗಾಡಿಯನ್ನು ಹೊರಡಿಸುವುದೇ ಹೆಚ್ಚು ಕಷ್ಟ. ಕಾಲು, ಕೈ, ಕಣ್ಣು ಮೂರೂ ಆಗ ಒಟ್ಟಿಗೆ ಕೆಲಸ ಮಾಡಬೇಕು. ಹೊರಡುವ ಕ್ರಮ ರೂಢಿಯಾದರೆ ಅರ್ಧ ಚಾಲನೆ ಬಂದಂತೆಯೇ.

ಕಾರು ಕಲಿಯಲು 18 ವರ್ಷ ತುಂಬಿರಬೇಕು, ಕಲಿಕಾ ಲೈಸೆನ್ಸ್ ಇರಬೇಕು. ಈ ಲೈಸೆನ್ಸ್ 6 ತಿಂಗಳು ನಡೆಯುತ್ತದೆ; 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಕೆಂಪು 'ಎಲ್' ಫಲಕ ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವ ಕಲಿಸುವವರು ಕೂತಿರಬೇಕು.

ಹತ್ತುವ ಮೊದಲು ಗಾಡಿಯನ್ನು ಒಂದು ಸುತ್ತು ನೋಡಬೇಕು. ಟೈರಿನಲ್ಲಿ ಗಾಳಿ ಇದೆಯೇ, ಹಿಂದೆ ಮಕ್ಕಳು ಆಡುತ್ತಿದ್ದಾರೆಯೇ, ನೆರಳಿಗೆಂದು ನಾಯಿಯೋ ಆಡಿನ ಮರಿಯೋ ಕೆಳಗೆ ಮಲಗಿದೆಯೇ ಎಂಬುದು ಆಗಲೇ ಗೊತ್ತಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ, ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆರೆದು ಒಳಗಿನ ಝಳ ಹೊರಹೋಗಲು ಬಿಡುವುದು ಒಳ್ಳೆಯದು.

ಕೂತ ಮೇಲೆ, ಕ್ಲಚ್ ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿರುವಂತೆ ಸೀಟು ಸರಿಸಿಕೊಳ್ಳಬೇಕು. ಆಮೇಲೆ ಮೂರು ಕನ್ನಡಿಗಳನ್ನು ಹೊಂದಿಸಿ ಸೀಟ್ ಬೆಲ್ಟ್ ಹಾಕಬೇಕು. ಹ್ಯಾಂಡ್ ಬ್ರೇಕ್ ಎಳೆದಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ, ಕ್ಲಚ್ ತುಳಿದು ಕೀಲಿ ತಿರುಗಿಸಬೇಕು. ಇಂಜಿನ್ ಚಾಲೂ ಆದ ಕೂಡಲೇ ಕೀಲಿ ಬಿಡಬೇಕು.

ಕ್ಲಚ್ ಇಂಜಿನ್ನನ್ನೂ ಚಕ್ರಗಳನ್ನೂ ಕೂಡಿಸುತ್ತದೆ, ಬಿಡಿಸುತ್ತದೆ. ಒಂದನೇ ಗೇರ್ ಹಾಕಿ ಕ್ಲಚ್ಚನ್ನು ನಿಧಾನವಾಗಿ ಮೇಲೆ ಬಿಡುತ್ತ ಬಂದರೆ ಒಂದು ಹಂತದಲ್ಲಿ ಇಂಜಿನ್ನಿನ ಸದ್ದು ತಗ್ಗಿ ಗಾಡಿ ಸಣ್ಣಗೆ ನಡುಗುತ್ತದೆ. ಇದೇ ಹಾಫ್ ಕ್ಲಚ್. ಕಾಲನ್ನು ಅಲ್ಲೇ ತಡೆದು ಕನ್ನಡಿ ನೋಡಿ, ಬಲ ಇಂಡಿಕೇಟರ್ ಹಾಕಿ, ಬಲಭುಜದ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸಬೇಕು. ಕನ್ನಡಿಗೆ ಸಿಗದ ಬೈಕು ಹೀಗೆ ಮಾತ್ರ ಕಾಣುತ್ತದೆ. ದಾರಿ ತೆರವಿದ್ದರೆ ಹ್ಯಾಂಡ್ ಬ್ರೇಕ್ ಇಳಿಸಿ, ಎಕ್ಸಿಲರೇಟರ್ ತುಸುವೇ ಒತ್ತಿ, ಕ್ಲಚ್ಚನ್ನು ಪೂರ್ತಿ ಬಿಡಬೇಕು. ಒಮ್ಮೆಲೇ ಬಿಟ್ಟರೆ ಗಾಡಿ ಜಗ್ಗಿ ಬಂದ್ ಬೀಳುತ್ತದೆ. ಆಗ ಗಾಬರಿಪಡದೆ ಬ್ರೇಕ್ ಹಿಡಿದು, ನ್ಯೂಟ್ರಲ್‌ಗೆ ತಂದು ಮತ್ತೆ ಚಾಲೂ ಮಾಡಬೇಕು.

ಕಾಲುವೆ ಸೇತುವೆಯ ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರಬಹುದು. ಅಲ್ಲಿ ಹಾಫ್ ಕ್ಲಚ್ ಸಿಕ್ಕ ಮೇಲಷ್ಟೇ ಹ್ಯಾಂಡ್ ಬ್ರೇಕ್ ಬಿಡಬೇಕು.

ಅಭ್ಯಾಸ ಮೊದಲು ಖಾಲಿ ಬಯಲಿನಲ್ಲಿ, ಬೆಳಗಿನ ಹೊತ್ತು ಆಗಲಿ. ಆಮೇಲೆ ರಾಯಚೂರಿನ ಬಡಾವಣೆಯ ಒಳರಸ್ತೆ, ಕೊನೆಗೆ ದೇವದುರ್ಗ, ಮಾನ್ವಿಯ ಹೆದ್ದಾರಿ. ಸುಗ್ಗಿಯಲ್ಲಿ ಭತ್ತ, ಹತ್ತಿ ಹೇರಿದ ಟ್ರ್ಯಾಕ್ಟರುಗಳ ಟ್ರೇಲರಿಗೆ ಹಿಂದಿನ ದೀಪ ಇಲ್ಲದಿರುವುದೂ ಉಂಟು. ಹೊಸಬರು ಕತ್ತಲಲ್ಲಿ ಆ ದಾರಿಗಳಿಗೆ ಇಳಿಯದಿರುವುದೇ ಕ್ಷೇಮ.