ಐಸ್‌ಲೆಂಡಿನ ಒಳನಾಡು

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ಐಸ್‌ಲೆಂಡ್ ದ್ವೀಪದ ಜನರು ಹೆಚ್ಚಾಗಿ ಕಡಲಂಚಿನಲ್ಲಿಯೇ ಬಾಳುತ್ತಾರೆ. ಒಳನಾಡಿನ ಎತ್ತರದ ಪ್ರಸ್ಥಭೂಮಿಯಲ್ಲಿ ಊರಿಲ್ಲ, ಹೊಲವಿಲ್ಲ. ಅಲ್ಲಿಯ ಕಚ್ಚಾ ಹಾದಿಗಳು ಬೇಸಿಗೆಯ ಕೆಲವು ತಿಂಗಳು ಮಾತ್ರ ತೆರೆದಿರುತ್ತವೆ. ಎಷ್ಟೋ ಹೊಳೆಗಳಿಗೆ ಸೇತುವೆಯೇ ಇಲ್ಲ. ಆದರೂ ದೂರದೇಶಗಳಿಂದ ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ. ಏಕೆ? ನೆಲ ಹುಟ್ಟುವ ಬಗೆಯನ್ನು ಅಲ್ಲಿ ಕಣ್ಣಾರೆ ಕಾಣಬಹುದೆಂಬುದೇ ನನ್ನ ಉತ್ತರ.

ಭೂಮಿಯ ಹೊರಚಿಪ್ಪಿನ ಎರಡು ದೊಡ್ಡ ಫಲಕಗಳು ಐಸ್‌ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಒಂದರಿಂದೊಂದು ದೂರ ಸರಿಯುತ್ತಿವೆ. ಆ ಬಿರುಕುಗಳಲ್ಲಿ ಕರಗಿದ ಶಿಲೆ ಮೇಲೇರಿ, ಆರಿ, ಹೊಸ ನೆಲವಾಗುತ್ತದೆ. ನಮ್ಮ ವಿಜಯಪುರ, ಕಲಬುರಗಿಗಳ ಕಪ್ಪು ಬಸಾಲ್ಟ್ ಶಿಲೆಯೂ ಹಿಂದೊಮ್ಮೆ ಹರಿದ ಲಾವಾರಸವೇ. ಆದರೆ ಅದು ಹರಿದು ಸುಮಾರು 6.6 ಕೋಟಿ ವರ್ಷಗಳಾದವು. ಸವೆದು ಎರೆಮಣ್ಣಾಗಿ ಇಂದು ಜೋಳ ಬೆಳೆಯುತ್ತಿದೆ. ಐಸ್‌ಲೆಂಡಿನದು ಇನ್ನೂ ಎಳೆಯ ನೆಲ.

ಅಲ್ಲಿಯ ನಾಲ್ಕು ನೋಟಗಳನ್ನು ಇಲ್ಲಿ ಹೇಳುತ್ತೇನೆ. ಮೊದಲನೆಯದು ದಕ್ಷಿಣದ ಲಾಂಡ್‌ಮನ್ನಲಾಯ್ಗರ್. ಇಲ್ಲಿಯ ರಯೊಲೈಟ್ ಶಿಲೆಯ ಗುಡ್ಡಗಳಿಗೆ ಕೆಂಪು, ಹಳದಿ, ಹಸಿರು ಛಾಯೆಗಳುಂಟು. ನೆಲದೊಳಗಿನ ಬಿಸಿನೀರು, ಹಬೆಗಳು ಶಿಲೆಯ ಖನಿಜಗಳನ್ನು ಮಾರ್ಪಡಿಸಿದ್ದರಿಂದ ಬಂದ ಬಣ್ಣಗಳಿವು. ಲಾವಾದ ಅಂಚಿನಲ್ಲಿ ಹೊಮ್ಮುವ ಬಿಸಿನೀರಿನಲ್ಲಿ ಯಾತ್ರಿಕರು ಮೀಯುತ್ತಾರೆ.

ಎರಡನೆಯದು ಈಶಾನ್ಯದ ಹೆರ್ದುಬ್ರೇದ್ ಪರ್ವತ. 1,682 ಮೀಟರ್ ಎತ್ತರದ ಇದರ ನೆತ್ತಿ ಮೇಜಿನಂತೆ ಚಪ್ಪಟೆ. ಹಿಮಯುಗದಲ್ಲಿ ದಪ್ಪ ಹಿಮದ ಅಡಿಯಲ್ಲಿ ಜ್ವಾಲಾಮುಖಿ ಸ್ಫೋಟಿಸಿತು. ಹೊರಬಂದ ಲಾವಾರಸವನ್ನು ಸುತ್ತಲಿನ ಹಿಮವೇ ಗೋಡೆಯಂತೆ ತಡೆಯಿತು. ಅದು ಹಿಮದ ಮೇಲ್ಮೈ ದಾಟಿ ಬಂದಾಗ ಮಾತ್ರ ಹರಡಿ ಸಮತಟ್ಟಾಯಿತು. ಹಿಮ ಕರಗಿದ ಮೇಲೆ ಪರ್ವತ ಉಳಿಯಿತು.

ಅದಕ್ಕೆ ಸಮೀಪದಲ್ಲೇ ಮೂರನೆಯದಾದ ಆಸ್ಕ್ಯಾ. 1875ರ ಮಾರ್ಚಿನಲ್ಲಿ ಇದು ಸಿಡಿದ ಮೇಲೆ ನೆಲ ಕುಸಿದು, ಸುಮಾರು 220 ಮೀಟರ್ ಆಳದ ಸರೋವರವೊಂದು ಉಂಟಾಯಿತು. ಪಕ್ಕದಲ್ಲಿ ಹಾಲುನೀಲಿ ನೀರಿನ ಚಿಕ್ಕ ಕುಂಡವಿದೆ. ಅದರ ಹೆಸರು ವೀಟಿ, ಎಂದರೆ ನರಕ. ಚಂದ್ರನಲ್ಲಿಗೆ ಹೋಗಬೇಕಾಗಿದ್ದ ಅಮೆರಿಕದ ಗಗನಯಾತ್ರಿಗಳು 1965 ಮತ್ತು 1967ರಲ್ಲಿ ಈ ಪ್ರದೇಶದಲ್ಲಿ ಶಿಲಾಪರಿಚಯ ಪಡೆದರು. ಆದರೆ 1875ರ ಬೂದಿ ಬಿದ್ದ ಪೂರ್ವಭಾಗದ ಎಷ್ಟೋ ರೈತಕುಟುಂಬಗಳು ಹುಲ್ಲುಗಾವಲು ಕಳೆದುಕೊಂಡು ಉತ್ತರ ಅಮೆರಿಕಕ್ಕೆ ವಲಸೆ ಹೋದವು.

ನಾಲ್ಕನೆಯದು ಲಾಕಿ. ಹಸಿರು ಪಾಚಿ ಹೊದ್ದ ನೂರಕ್ಕೂ ಹೆಚ್ಚು ಜ್ವಾಲಾಮುಖಿಯ ಬಾಯಿಗಳು ಇಲ್ಲಿ ಸಾಲಾಗಿ ನಿಂತಿವೆ. 1783ರ ಜೂನಿನಲ್ಲಿ ತೆರೆದ ಈ ಬಿರುಕು ಎಂಟು ತಿಂಗಳು ಲಾವಾ ಕಾರಿತು. ವಿಷಾನಿಲದಿಂದ ಹುಲ್ಲು ಕೆಟ್ಟಿತು, ದನಕುರಿಗಳು ಸತ್ತವು, ಕ್ಷಾಮ ಬಂದಿತು. ದ್ವೀಪದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದರು. ಇಂದು ನಾವು ಸೊಬಗೆನ್ನುವುದು ಅಂದು ಅವರಿಗೆ ಮೃತ್ಯುವಾಗಿತ್ತೆಂಬುದನ್ನು ನೋಡುವವರು ಮರೆಯಬಾರದು.

ಆ ಪಾಚಿಯೇ ಈ ಎಳೆಯ ನೆಲದ ಮೊದಲ ಹೊದಿಕೆ. ಅದು ಬಹು ನಿಧಾನವಾಗಿ ಬೆಳೆಯುತ್ತದೆ. ಗಾಡಿಯ ಚಕ್ರ ಒಮ್ಮೆ ಹರಿದರೆ ಗುರುತು ದಶಕಗಳವರೆಗೆ ಮಾಯುವುದಿಲ್ಲ. ಆದ್ದರಿಂದ ಹಾದಿ ಬಿಟ್ಟು ವಾಹನ ನಡೆಸುವುದು ಅಲ್ಲಿ ಅಪರಾಧ. ಎರೆಮಣ್ಣಿನಿಂದ ಅನ್ನ ಪಡೆಯುವ ನಮಗೆ ಈ ನಿಯಮ ಸುಲಭವಾಗಿ ಅರ್ಥವಾಗಬೇಕು. ಕಲ್ಲು ಮಣ್ಣಾಗಲು ಎಷ್ಟು ಕಾಲ ಬೇಕೆಂಬುದಕ್ಕೆ ನಮ್ಮ ಹೊಲಗಳೇ ಸಾಕ್ಷಿಯಲ್ಲವೇ?