ಬೀದರಿನ ನೀರಿಗೆ ಯಾವ ಸಿಕ್ಲಿಡ್?

ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಇಳಿದು ಭಾಲ್ಕಿ, ಔರಾದ್ ಕಡೆ ಹೊರಟರೆ ಕೆಂಪು ಮುಗಿದು ಕಪ್ಪು ಎರೆಭೂಮಿ ಶುರು. ಅದರಡಿ ಬಸಾಲ್ಟ್ ಬಂಡೆ. ಜಂಬಿಟ್ಟಿಗೆಯೊಳಗಿನ ಸುಣ್ಣದಂಶವನ್ನು ಮಳೆ ಎಂದೋ ತೊಳೆದು ಹಾಕಿದೆ. ಅಲ್ಲಿನ ಬಾವಿನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಬಹಮನಿ ಕಾಲದ ನೆಲದಡಿಯ ಕಾಲುವೆ ನೌಬಾದ್ ಕರೇಜ್ ಹಿಡಿದು ತಂದದ್ದು ಇಂಥ ನೀರನ್ನೇ. ಬಸಾಲ್ಟಿನ ಬಿರುಕುಗಳ ಬೋರ್‌ವೆಲ್ ನೀರು ಮಾತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಗಡಸಾಗಿರುತ್ತದೆ.

ಅಕ್ವೇರಿಯಂಗೆ ಸಿಕ್ಲಿಡ್ ಕುಟುಂಬದ ಮೀನು ಕೊಳ್ಳುವವರು ಬಣ್ಣ ನೋಡುವ ಮೊದಲು ಈ ಭೂಗರ್ಭವನ್ನು ನೋಡಬೇಕು. ಆಫ್ರಿಕಾದ ಮಲಾವಿ ಸರೋವರದ ಹಳದಿ, ನೀಲಿ ಮೀನುಗಳಿಗೆ ಪಿಎಚ್ 7.8ರಿಂದ 8.6ರವರೆಗಿನ ಗಡಸು ನೀರು ಒಗ್ಗುತ್ತದೆ. ಅಮೆಜಾನ್ ಸೀಮೆಯ ಡಿಸ್ಕಸ್ ಮೆದು ನೀರಿನದು. ಔರಾದಿನ ಬೋರ್‌ವೆಲ್ ಮನೆಯಲ್ಲಿ ಆರ್‌ಒ ನೀರು ಹಿಡಿದು ಡಿಸ್ಕಸ್ ಸಾಕುವ ಪಾಡು ಯಾಕೆ? ಮಲಾವಿಯ ಮೀನು ಅಲ್ಲಿ ಸಲೀಸು. ನಳದ ನೀರಾದರೆ ಕ್ಲೋರಿನ್ ಹಾರಿಹೋಗಲು ಒಂದು ದಿನ ತೆರೆದ ಬಕೆಟ್ಟಿನಲ್ಲಿ ಇಡಬೇಕು.

ಹೈದರಾಬಾದಿನಿಂದ ಮೀನು ತರುವುದಾದರೆ ಸುಮಾರು 140 ಕಿ.ಮೀ. ದಾರಿ. ಅಷ್ಟು ಹೊತ್ತು ಕಟ್ಟಿದ ಚೀಲದೊಳಗೆ ಮೀನು ಅಮೋನಿಯಾವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತಿರುತ್ತದೆ. ಎರಡನೆಯದು ನೀರನ್ನು ಆಮ್ಲೀಯಗೊಳಿಸುವುದರಿಂದ ಅಮೋನಿಯಾ ಬಹುಪಾಲು ಅಮೋನಿಯಂ ಆಗಿ, ಅಷ್ಟಾಗಿ ಕೆಡುಕು ಮಾಡದೆ ಕೂತಿರುತ್ತದೆ. ಚೀಲ ಬಿಚ್ಚಿದರೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಶೇ 5 ದಾಟುತ್ತದೆ. ಬಿಚ್ಚಿದ ಚೀಲಕ್ಕೆ ಗಂಟೆಗಟ್ಟಲೆ ನೀರು ಹನಿಸುತ್ತ ಕೂರುವ ರೂಢಿ, ದೂರದಿಂದ ಬಂದ ಮೀನಿನ ಮಟ್ಟಿಗೆ, ಅಪಾಯದ್ದೇ. ಕಟ್ಟಿದ ಚೀಲವನ್ನು 15–20 ನಿಮಿಷ ತೇಲಿಸಿ, ಆಮೇಲೆ ಬಿಚ್ಚಿ, ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಬೇಕು. ಚೀಲದ ನೀರು ಬಚ್ಚಲಿಗೆ.

ಬಿಡುವುದು ಎಲ್ಲಿಗೆ? ಮೊದಲು ಪ್ರತ್ಯೇಕ ಟ್ಯಾಂಕಿಗೆ. ಅಂಗಡಿಯ ನೀರಿನ ಪಿಎಚ್ ಕೇಳಿಕೊಂಡು ಬಂದು ಅದಕ್ಕೇ ಹೊಂದಿಸಿದ ನೀರಿನಲ್ಲಿ ಎರಡರಿಂದ ನಾಲ್ಕು ವಾರ ಇಟ್ಟರೆ ರೋಗವೂ ಬಯಲಾಗುತ್ತದೆ, ಮನೆಯ ನೀರಿಗೂ ನಿಧಾನಕ್ಕೆ ಪಳಗುತ್ತದೆ. ಹೊಸದಾಗಿ ಕಟ್ಟಿದ ಟ್ಯಾಂಕಿನಲ್ಲಿ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೇರೂರಲು ನಾಲ್ಕಾರು ವಾರ ಬೇಕು. ಬೀದರಿನ ಜನವರಿ ರಾತ್ರಿಗಳಲ್ಲಿ ಹೀಟರ್ ಇಲ್ಲದೆ ಆಗದು. ಮಲಾವಿಯ ಮೀನುಗಳಿಗೆ ಬೇಕಾದ್ದು 24–28 ಡಿಗ್ರಿ.

ಸಿಕ್ಲಿಡ್‌ಗಳದು ಸರಹದ್ದಿನ ಜಗಳ. ಹೊಸಬರನ್ನು ಬಿಡುವ ದಿನ ಕಲ್ಲುಗಳನ್ನೆಲ್ಲ ಜರುಗಿಸಿ, ದೀಪ ಆರಿಸಬೇಕು. ತನ್ನ ಗಡಿಯೇ ಗುರುತು ಸಿಗದಾಗ ಹಳೆಯ ಗಂಡಿನ ಹಾರಾಟ ಇಳಿಯುತ್ತದೆ.

ಅಂಗಡಿಯಲ್ಲಿ ಬೆರಳುದ್ದ ಕಾಣುವ ಆಸ್ಕರ್ ಒಂದಡಿ ಬೆಳೆಯುತ್ತದೆ. ವಾಸ್ತು ಹೆಸರಿನಲ್ಲಿ ಮಾರುವ ಫ್ಲವರ್‌ಹಾರ್ನ್ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಹುಟ್ಟಿದ ಮಿಶ್ರತಳಿ. ಅದಕ್ಕೆ ಒಂಟಿ ವಾಸ, ಇನ್ನೂರು ಲೀಟರಾದರೂ ನೀರು ಬೇಕು. ಈಶಾನ್ಯ ಮೂಲೆಯೇ ಆಗಬೇಕೆಂದೇನೂ ಅದು ಕೇಳುವುದಿಲ್ಲ! ಜಾಗ ಸಾಲದಾದಾಗ ಮಾಂಜ್ರಾ ನದಿಗೋ ಕಾರಂಜಾ ಜಲಾಶಯಕ್ಕೋ ಬಿಡುವ ಯೋಚನೆ ಬೇಡ. ನಾವು ಜಿಲೇಬಿ ಎನ್ನುವ ತಿಲಾಪಿಯಾ ಕೂಡ ಸಿಕ್ಲಿಡ್ಡೇ. 1952ರಲ್ಲಿ ಭಾರತಕ್ಕೆ ತಂದ ಆ ಆಫ್ರಿಕಾದ ಮೀನು ಕೆರೆ, ನದಿಗಳಲ್ಲಿ ಹಬ್ಬಿ ದೇಸಿ ಮೀನುಗಳ ಜಾಗ, ಆಹಾರ ಎರಡಕ್ಕೂ ಪೈಪೋಟಿ ಕೊಡುತ್ತಿದೆ. ಬೆಳೆದ ಮೀನನ್ನು ವಾಪಸು ತೆಗೆದುಕೊಳ್ಳುತ್ತಾರೆಯೇ ಎಂದು ಅಂಗಡಿಯವರನ್ನು ಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಬಹುದು.